ಹೊಗೆಸೊಪ್ಪಿನ ಎಲೆ ಹಿಡಿದು ಮಾನಿಟರ್ ಕೊಳ್ಳಲು ಹೋದದ್ದು

ನಮ್ಮ ಮನೆಯ ಟಿವಿ ಸತ್ತದ್ದು ಹಿಂಗಾರಿನ ಒಂದು ಗುಡುಗಿಗೆ. ಪ್ಲಗ್ ಕೀಳೋಣ ಅಂತ ನಾನು ಅಂದೆ, ಈ ಓವರ್ ಮುಗಿಯಲಿ ಅಂತ ನನ್ನ ಗಂಡ ಅಂದರು. ಓವರ್ ಮುಗಿಯಲಿಲ್ಲ, ಟಿವಿ ಮುಗಿಯಿತು. ನಮ್ಮೂರು ಹೊಳೆನರಸೀಪುರದ ರಿಪೇರಿಯವನು ಅದರ ಬೆನ್ನು ಬಿಚ್ಚಿ ನೋಡಿ, ಇದಕ್ಕೆ ಸುರಿಯುವ ದುಡ್ಡಿಗೆ ಹೊಸದೇ ಬರುತ್ತದೆ ಅಂತ ಹೇಳಿ, ತಿರುಪುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ನನ್ನ ಕೈಗಿಟ್ಟ.

ಅದೇ ಹೊತ್ತಿಗೆ ನನಗೂ ಒಂದು ಪರದೆ ಬೇಕಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ರಜೆ ಬಂದರೆ ಕ್ಯಾಮೆರಾ ಹಿಡಿದು ಹೇಮಾವತಿ ದಂಡೆ, ಸಂತೆ, ನೆಂಟರ ಮನೆ ಅಂತ ಸುತ್ತುವ ಚಟ ಇದೆ. ತೆಗೆದ ಫೋಟೋಗಳನ್ನು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಿದ್ದೆ. ಅದರ ಪರದೆಯ ಗುಣ ವಿಚಿತ್ರ. ನಾನು ಬೆನ್ನು ನೆಟ್ಟಗೆ ಮಾಡಿ ಕೂತರೆ ಫೋಟೋದಲ್ಲಿರುವವರು ಬೆಳ್ಳಗಾಗುತ್ತಿದ್ದರು, ಕುರ್ಚಿಯಲ್ಲಿ ಜಾರಿ ಕೂತರೆ ಕಪ್ಪಾಗುತ್ತಿದ್ದರು. ಹೀಗೆ ಊರವರ ಮೈಬಣ್ಣವೆಲ್ಲ ನನ್ನ ಸೊಂಟ ನೋವಿನ ಮೇಲೆ ತೀರ್ಮಾನವಾಗುತ್ತಿತ್ತು.

ಎರಡು ಪರದೆ ಇಡುವಷ್ಟು ದೊಡ್ಡ ಹಾಲ್ ನಮ್ಮದಲ್ಲ. ಹಾಗಾಗಿ ಒಂದೇ ಮಾನಿಟರ್ ತರುವುದು, ಹಗಲು ನನ್ನ ಫೋಟೋಗೆ, ಸಂಜೆ ಅವರ ಕ್ರಿಕೆಟ್ಟು ಸಿನಿಮಾಕ್ಕೆ ಅಂತ ಒಪ್ಪಂದ ಆಯಿತು. ಟಿವಿ ಅಲ್ಲವಂತೆ, ಮಾನಿಟರ್ ಅಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು ಅಂತ ನನ್ನ ಗಂಡ ಗೊಣಗಿದರು. ಗೊಣಗಿದರೂ ಅವರ ಬೇಡಿಕೆ ಸಿದ್ಧವಿತ್ತು. ಮೂವತ್ತೆರಡು ಇಂಚು ಇರಬೇಕು, ಪರದೆ ಬಾಗಿರಬೇಕು, ಚೆಂಡು ಓಡಿದರೆ ಹಿಂದೆ ಬಾಲ ಕಾಣಬಾರದು, ಸಿನಿಮಾದಲ್ಲಿ ಕತ್ತಲೆ ಅಂದರೆ ಕತ್ತಲೆಯೇ ಆಗಿರಬೇಕು. ನನ್ನದು ಒಂದೇ ಬೇಡಿಕೆ. ಅಮ್ಮನ ಬಣ್ಣ ಸರಿಯಾಗಿ ಕಾಣಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತವರು ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿಗೂ ರಾಮನಾಥಪುರಕ್ಕೂ ನಡುವಿನ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ. ಅಪ್ಪ ಈಗಲೂ ನನ್ನ ತಮ್ಮನ ಜೊತೆ ಅದೇ ಕೆಲಸ ಮಾಡಿಕೊಂಡಿದ್ದಾರೆ. ಬ್ಯಾರನ್ ಅನ್ನುವ ಕೋಣೆಯಲ್ಲಿ ಬಿಸಿ ಕೊಟ್ಟು ಒಣಗಿಸಿದ ಎಲೆಯನ್ನು ಹರಾಜಿಗೆ ಒಯ್ಯುವ ಮುಂಚೆ ಬಣ್ಣ ನೋಡಿ ವಿಂಗಡಿಸುತ್ತಾರೆ. ತಿಳಿ ಹಳದಿಯ ಬ್ರೈಟ್ ಒಂದು ರಾಶಿ, ಅದಕ್ಕೇ ಹೆಚ್ಚು ಬೆಲೆ, ಕೊಂಚ ಮಂಕಾದ ಮೀಡಿಯಂ ಒಂದು ರಾಶಿ, ಉಳಿದದ್ದು ಇನ್ನೊಂದು. ಹೊರಗಿನವರ ಕಣ್ಣಿಗೆ ಎಲ್ಲವೂ ಹಳದಿಯೇ.

ನಮ್ಮ ಮನೆಯಲ್ಲಿ ವಿಂಗಡಿಸುವುದು ಅಮ್ಮನ ಕೆಲಸ, ಮಾರುವುದು ಅಪ್ಪನ ಕೆಲಸ. ಅಮ್ಮ ಟ್ಯೂಬ್‌ಲೈಟ್ ಹಾಕಿಕೊಂಡು ಎಲೆ ನೋಡುತ್ತಿರಲಿಲ್ಲ, ಬಿಸಿಲಿಗೂ ಒಯ್ಯುತ್ತಿರಲಿಲ್ಲ. ಉತ್ತರಕ್ಕಿರುವ ಹಿತ್ತಲ ಬಾಗಿಲು ತೆರೆದು, ಹೊಸ್ತಿಲಿನಿಂದ ಒಂದು ಮಾರು ಒಳಗೆ ಚಾಪೆ ಹಾಕಿಕೊಂಡು ಕೂರುತ್ತಿದ್ದಳು. ಎಲೆ ತೀರ ಒಣಗಿದ್ದರೆ ಪುಡಿಯಾಗುತ್ತದೆ, ಅದಕ್ಕೆ ರಾತ್ರಿಯ ತಂಪು ತಾಗಿಸಿ ಹದಕ್ಕೆ ತರುತ್ತಾರೆ. ಆದರೆ ಮಂಜು ಹೆಚ್ಚಾಗಿ ಎಲೆ ಮೆತ್ತಗಾದ ದಿನ ಅಮ್ಮ ರಾಶಿ ಮುಟ್ಟುತ್ತಲೇ ಇರಲಿಲ್ಲ. ಹದ ಮೀರಿದ ಎಲೆಯ ಹತ್ತಿರ ಬಣ್ಣ ಕೇಳಬಾರದು, ಅದು ಸುಳ್ಳು ಹೇಳುತ್ತದೆ, ಅನ್ನುವುದು ಅವಳ ಮಾತು. ಈ ಮಾತನ್ನು ನಾವು ಯಾರಾದರೂ ಒಬ್ಬರು ನೆನಪಿಟ್ಟುಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಅವಳು ತೀರಿಹೋಗುವ ಮೂರು ತಿಂಗಳ ಮುಂಚೆ ತೆಗೆದ ಒಂದು ಫೋಟೋ ನನ್ನ ಹತ್ತಿರ ಇದೆ. ಆ ಬಾಗಿಲ ಬೆಳಕಿನಲ್ಲಿ ಕೂತು, ಒಂದು ಎಲೆಯನ್ನು ತೊಟ್ಟು ಹಿಡಿದು ಮೇಲೆತ್ತಿ ಅಪ್ಪನಿಗೆ ತೋರಿಸುತ್ತಿದ್ದಾಳೆ. ಅಪ್ಪ ಫೋಟೋದಲ್ಲಿಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದರು. ಜಗಳ ನಡೆದಿತ್ತು. ಅಮ್ಮ ಮೀಡಿಯಂ ರಾಶಿಗೆ ಹಾಕಿದ್ದ ಎಲೆಗಳನ್ನು ಅಪ್ಪ ಎತ್ತಿ ಬ್ರೈಟ್ ರಾಶಿಗೆ ಹಾಕಿದ್ದರು. ಕಣ್ಣು ಬಿಟ್ಟು ನೋಡಿ, ಇದು ಬ್ರೈಟಾ ಅಂತ ಅವಳು ಎಲೆ ಎತ್ತಿ ಹಿಡಿದ ಕ್ಷಣಕ್ಕೆ ನಾನು ಗುಂಡಿ ಒತ್ತಿದ್ದೆ.

ಕೊನೆಗೆ ನಡೆದದ್ದು ಅಪ್ಪನ ಮಾತೇ. ಎಲೆ ಕಟ್ಟಿದ ಹೊರೆ, ಅಂದರೆ ಬೇಲ್, ಹರಾಜಿಗೆ ಹೋಯಿತು, ಕೊಳ್ಳುವವರು ಎರಡು ಬಣ್ಣ ಸೇರಿದೆ ಅಂದರು, ಬೇಲ್ ಹೋದ ದಾರಿಯಲ್ಲೇ ವಾಪಸ್ ಬಂತು. ಅವತ್ತು ಮೋಡ ಮುಚ್ಚಿಕೊಂಡಿತ್ತು, ಅದಕ್ಕೆ ಎಲೆ ಮಂಕಾಗಿ ಕಂಡಿತು ಅಂತ ಅಪ್ಪ ಸಾಧಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಅಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ. ಸಂಕ್ರಾಂತಿ ಕಳೆದ ವಾರ ಎದೆ ಹಿಡಿದುಕೊಂಡು ಕುಸಿದಳು, ಅರಕಲಗೂಡು ತಲುಪುವ ಮುಂಚೆಯೇ ಹೋಗಿಬಿಟ್ಟಳು.

ಗೋಡೆಗೆ ಒಂದು ಫೋಟೋ ಬೇಕಲ್ಲ. ಚನ್ನರಾಯಪಟ್ಟಣದಲ್ಲಿರುವ ಚಿಕ್ಕಮ್ಮ, ಅಮ್ಮನ ತಂಗಿ, ನನ್ನಿಂದ ಆ ಫೋಟೋವನ್ನೇ ತರಿಸಿಕೊಂಡು, ಎಲೆಯನ್ನೂ ಕೈಯನ್ನೂ ಕತ್ತರಿಸಿ ತೆಗೆಸಿ, ಹಿಂದೆ ನೀಲಿ ಬಣ್ಣ ಹಾಕಿಸಿ, ಚೌಕಟ್ಟು ಕಟ್ಟಿಸಿಕೊಂಡು ಬಂದಳು. ಸ್ವಲ್ಪ ಕಳೆ ಬರುವ ಹಾಗೆ ಮಾಡಿ ಅಂತ ಹೇಳಿ ಮಾಡಿಸಿದ್ದಳಂತೆ. ನಮ್ಮ ಕಡೆ ಫೋಟೋದಲ್ಲಿ ಕಳೆ ಅಂದರೆ ಬಿಳುಪು, ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಗಂಡು ಹೆಣ್ಣು ಬೆಳ್ಳಗಾಗುತ್ತಾರೆ, ತಿಥಿಯ ಫೋಟೋದಲ್ಲಿ ಸತ್ತವರೂ ಬೆಳ್ಳಗಾಗುತ್ತಾರೆ. ಕಪ್ಪಗಿದ್ದ ನಮ್ಮಮ್ಮ ಆ ಚೌಕಟ್ಟಿನಲ್ಲಿ ಕೆಂಪು ತುಟಿಯ, ಗೋಧಿ ಬಣ್ಣದ ಯಾರೋ ಒಬ್ಬ ಹೆಂಗಸಾಗಿದ್ದಳು.

ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದ್ಯಾರವ್ವ?" ಅಂದರು. ಕೊಂಕು ಮಾತಲ್ಲ, ನಿಜವಾಗಿಯೂ ಕೇಳಿದರು. ಚಿಕ್ಕಮ್ಮ ಅತ್ತಳು. ಅಪ್ಪ ಅವಳನ್ನು ಸಮಾಧಾನ ಮಾಡಿದರು, ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಅಜ್ಜ ಅಜ್ಜಿಯ ಫೋಟೋ ಪಕ್ಕದಲ್ಲಿ ಅಮ್ಮನಿಗೆಂದು ಹೊಡೆದಿದ್ದ ಮೊಳೆ ಹತ್ತು ತಿಂಗಳು ಬರಿದಾಗಿಯೇ ಇತ್ತು. ವರ್ಷದ ತಿಥಿಯ ದಿನಕ್ಕೆ ಅಮ್ಮನನ್ನು ಅವಳ ಬಣ್ಣದಲ್ಲೇ ಆ ಮೊಳೆಗೆ ಹಾಕುತ್ತೇನೆ ಅಂತ ನಾನು ಅಪ್ಪನಿಗೆ ಮಾತು ಕೊಟ್ಟೆ.

ಕೊಟ್ಟದ್ದೇನೋ ಕೊಟ್ಟೆ. ಆಮೇಲೆ ನೋಡಿದರೆ ಅಮ್ಮನ ಬಣ್ಣ ಯಾವುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅದೇ ಫೋಟೋ ನನ್ನ ಫೋನಿನಲ್ಲಿ ಕೆಂಪಗೆ ಮಿರುಗುತ್ತಿತ್ತು, ಲ್ಯಾಪ್‌ಟಾಪಿನಲ್ಲಿ ಬೂದಿ ಬಡಿದ ಹಾಗಿತ್ತು, ಶಾಲೆಯ ಕಂಪ್ಯೂಟರಿನಲ್ಲಿ ನೀಲಿಗೆ ತಿರುಗಿತ್ತು. ಮೂರು ಪರದೆಯಲ್ಲಿ ಮೂವರು ಅಮ್ಮಂದಿರು. ಕಣ್ಣು ಮುಚ್ಚಿ ನೆನೆಸಿಕೊಂಡರೆ ಅವಳ ದನಿ ಕೇಳಿಸುತ್ತದೆ, ಸೆರಗಿನ ವಾಸನೆ ಬರುತ್ತದೆ, ಬಣ್ಣ ಮಾತ್ರ ಕೈಗೆ ಸಿಗುವುದಿಲ್ಲ. ನಲವತ್ತೆರಡು ವರ್ಷ ನೋಡಿದ ಮುಖದ ಬಣ್ಣ ನೆನಪಿಗೆ ಬಾರದಿರುವುದು ಹೇಗೆ ಅಂತ ನನಗೆ ಮೊದಲು ಭಯವಾಯಿತು, ಆಮೇಲೆ ಕುತೂಹಲವಾಯಿತು.

ಕುತೂಹಲ ಹತ್ತಿದರೆ ನನ್ನನ್ನು ಹಿಡಿಯುವವರಿಲ್ಲ. ಬೆಳಗ್ಗೆ ಮುದ್ದೆ ಕಟ್ಟಿ ತಟ್ಟೆಗಿಟ್ಟು ಫೋಟೋ ತೆಗೆದು ಮೂರು ಪರದೆಯಲ್ಲಿ ನೋಡಿದೆ. ಒಂದರಲ್ಲಿ ಚಾಕೊಲೇಟು, ಒಂದರಲ್ಲಿ ಸಿಮೆಂಟು, ಒಂದರಲ್ಲಿ ನೇರಳೆ ಹಣ್ಣು. ಮುದ್ದೆಯಾದರೆ ಎದುರಿಗೇ ಇದೆ, ಯಾವ ಪರದೆ ಸುಳ್ಳು ಅಂತ ಹೇಳಬಹುದು. ನನ್ನ ಗಂಡ ಆರಿದ ಮುದ್ದೆ ಮುರಿಯುತ್ತಾ, ಪರೀಕ್ಷೆ ಮುಗಿದಿದ್ದರೆ ಸಾರು ಬಡಿಸುತ್ತೀಯಾ ಅಂತ ಕೇಳಿದರು.

ಮಾನಿಟರ್‌ಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ವಿಡಿಯೋ ನೋಡಿದೆ. ಪರದೆಯಲ್ಲಿ ಮುಖ್ಯವಾಗಿ ಮೂರು ಜಾತಿಯಂತೆ. ಟಿಎನ್ ಅನ್ನುವುದು ಅಗ್ಗ, ವೇಗ ಜಾಸ್ತಿ, ತಲೆ ಅಲ್ಲಾಡಿಸಿದರೆ ಬಣ್ಣ ಅಲ್ಲಾಡುತ್ತದೆ. ನನ್ನ ಲ್ಯಾಪ್‌ಟಾಪು ಆ ಕುಲದ್ದು. ವಿಎ ಅನ್ನುವುದರಲ್ಲಿ ಕಪ್ಪು ಗಾಢ, ಸಿನಿಮಾಕ್ಕೆ ಸೊಗಸು. ಐಪಿಎಸ್ ಅನ್ನುವುದರಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ಕದಲುವುದಿಲ್ಲ, ಫೋಟೋ ತಿದ್ದುವವರು ಅದನ್ನೇ ಕೊಳ್ಳುತ್ತಾರೆ, ಆದರೆ ಕತ್ತಲೆಯ ದೃಶ್ಯ ಕೊಂಚ ಬೂದಿಯಾಗಿ ಕಾಣುತ್ತದೆ. ಅಂದರೆ ನನ್ನ ಗಂಡನಿಗೆ ಬೇಕಾದದ್ದು ಒಂದು ಜಾತಿ, ನನಗೆ ಬೇಕಾದದ್ದು ಇನ್ನೊಂದು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನಮ್ಮ ಜಾತಕದಲ್ಲಿ ಹೊಂದಾಣಿಕೆ ಇಲ್ಲ ಅಂತ ಗೊತ್ತಾಯಿತು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರಿಗೆ ಜಾತಿಗಳ ವಿವರ ಬೇಕಿರಲಿಲ್ಲ. ಮುದ್ದೆಯ ಕಥೆ ಮಾತ್ರ ಗಮನವಿಟ್ಟು ಕೇಳಿದರು. ಹಾಗಾದರೆ ಒಂದು ಎಲೆ ತಗೊಂಡು ಹೋಗೋಣ ಅಂದರು. ಒಳ್ಳೆಯ ಬ್ರೈಟ್ ಎಲೆಯೊಂದನ್ನು ಅದೇ ಹಿತ್ತಲ ಬಾಗಿಲಲ್ಲಿ, ಅದೇ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದು. ಎಲೆಯನ್ನೂ ಫೋಟೋವನ್ನೂ ಅಂಗಡಿಗೆ ಒಯ್ಯುವುದು. ಯಾವ ಪರದೆಯಲ್ಲಿ ಎಲೆ ಇದ್ದ ಹಾಗೇ ಕಾಣುತ್ತದೋ ಅದನ್ನು ಕೊಳ್ಳುವುದು. "ಎಲೆ ಸರಿಯಾಗಿ ಕಂಡ್ರೆ ಅವ್ಳೂ ಸರಿಯಾಗಿ ಕಾಣ್ತಾಳೆ ಕಣವ್ವ," ಅಂದರು. ವಿಜ್ಞಾನದ ಮೇಡಂ ಆದ ನನಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಹೊಳೆದಿರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಒಂದು ಭಾನುವಾರ ಬೆಳಗ್ಗೆ ಊರಿಗೆ ಹೋದೆ. ಅಪ್ಪ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿ ಒಂದು ಎಲೆ ಆರಿಸಿಟ್ಟಿದ್ದರು. ಕಲೆ ಇಲ್ಲ, ತೂತಿಲ್ಲ, ತುದಿಯಿಂದ ತೊಟ್ಟಿನವರೆಗೆ ಒಂದೇ ಹಳದಿ. ಬಾಗಿಲಲ್ಲಿ ಹಿಡಿದರು, ಫೋಟೋ ತೆಗೆದೆ. ಆಮೇಲೆ ಅಪ್ಪ ಒಂದು ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ, ಎಲೆಯನ್ನು ಅದರಲ್ಲಿ ಸುತ್ತಿ, ಮೇಲೆ ಬಾಳೆ ಎಲೆ ಸುತ್ತಿ, ಕವರಿಗೆ ಹಾಕಿದರು. ಅರಕಲಗೂಡಿನ ಮೇಲೆ ಹಾಸನಕ್ಕೆ ಎರಡು ಬಸ್ಸು, ಭಾನುವಾರದ ರಶ್ಶು, ಒಣಗಿ ಪುಡಿಯಾದರೆ ಏನು ಗತಿ ಅಂತ. ಹೊಗೆಸೊಪ್ಪಿನವರು ಎಲೆ ಮುರಿಯಲು ಬಿಡುವುದಿಲ್ಲ, ಅದು ರಕ್ತದಲ್ಲಿದೆ. ನಾನೂ ಜಾಣೆಯ ಹಾಗೆ ಕವರ್ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತೆ.

ನನ್ನ ಗಂಡ ಹೊಳೆನರಸೀಪುರದಿಂದ ನೇರವಾಗಿ ಬಂದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸೇರಿಕೊಂಡರು. ಅಂಗಡಿಯ ಗೋಡೆ ತುಂಬ ಪರದೆಗಳು, ಎಲ್ಲದರಲ್ಲೂ ಒಂದೇ ಗಿಳಿ ಹಾರುತ್ತಿತ್ತು, ಒಂದು ಗಿಳಿಯ ಹಾಗೆ ಇನ್ನೊಂದಿಲ್ಲ. ಮಾಲೀಕರು ನನ್ನದೇ ವಯಸ್ಸಿನವರು, ತಾಳ್ಮೆಯವರು. ಅಪ್ಪ ಕವರ್ ಬಿಚ್ಚಿದರು. ಎಸಿ ಗಾಳಿಯಲ್ಲಿ ಹೊಗೆಸೊಪ್ಪಿನ ಘಾಟು ತುಂಬಿಕೊಂಡಿತು. ಗಿರಾಕಿಯೊಬ್ಬರು ಸೀನಿದರು. ನಾನು ಪೆನ್‌ಡ್ರೈವ್ ಕೊಟ್ಟು ನಮ್ಮ ಪರೀಕ್ಷೆಯನ್ನು ವಿವರಿಸಿದೆ. ಮಾಲೀಕರು ಎರಡು ಸಲ ಕೇಳಿಸಿಕೊಂಡು, ಆಗಲಿ ಮೇಡಂ, ನಮಗೂ ಹೊಸದು ಅಂದರು.

ಒಂದೊಂದು ಪರದೆಯ ಮೇಲೂ ಎಲೆಯ ಫೋಟೋ ಬಂತು. ಅಪ್ಪ ಬಟ್ಟೆಯಿಂದ ಎಲೆ ತೆಗೆದು ಪಕ್ಕದಲ್ಲಿ ಹಿಡಿದರು. ಪರದೆಯ ಎಲೆ ಬೆಳ್ಳಗಿತ್ತು. ಮುಂದಿನದಕ್ಕೆ ಹೋದರು, ಅಲ್ಲೂ ಬೆಳ್ಳಗೆ. ದುಬಾರಿಯದು, ಅಗ್ಗದ್ದು, ಬಾಗಿದ್ದು, ಚಪ್ಪಟೆ, ಎಲ್ಲದರಲ್ಲೂ ಕೈಯಲ್ಲಿದ್ದ ಎಲೆಗಿಂತ ಫೋಟೋದ ಎಲೆ ತಿಳಿಯಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅಪ್ಪ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಮುಖ ಬೆಳ್ಳಗೆ ಮಾಡುವ ರೋಗ ಪರದೆಗಳಿಗೂ ಅಂಟಿದೆ ಅನ್ನುವುದು ಅವರ ತೀರ್ಮಾನ. ನನ್ನ ಗಂಡ ಮೂವತ್ತೆರಡು ಇಂಚಿನ ಬಾಗಿದ ಪರದೆಯ ಮುಂದೆ ನಿಂತು, ಇದರಲ್ಲಿ ಸುಮಾರಾಗಿ ಹೊಂದುತ್ತದೆ ಅಲ್ಲವಾ ಮಾವ ಅಂತ ಎರಡು ಸಲ ಕೇಳಿದರು. ಮಾವ ತಿರುಗಿ ನೋಡಲಿಲ್ಲ.

ಕೊನೆಗೆ ಹೊಂದಿದ್ದು ಮೂಲೆಯಲ್ಲಿದ್ದ ಒಂದು ಸಣ್ಣ, ಮಂಕು ಪರದೆ. ಬಿಲ್ ಹಾಕುವ ಕೌಂಟರುಗಳಿಗೆ ಮಾರುವ ಮಾಲು ಅದು. ಎಲೆಯ ಬಣ್ಣ ಅಲ್ಲಿ ಹೆಚ್ಚು ಕಡಿಮೆ ಸರಿಹೋಯಿತು. ನಾನು ಅಮ್ಮನ ಫೋಟೋ ತೆರೆದೆ. ಅಡಿಗೆಮನೆಯ ಹೊಗೆಯಲ್ಲಿ ನಿಂತ ಹಾಗೆ ಕಂಡಳು. ಕಣ್ಣಿನ ಕೆಳಗೆ, ಕತ್ತಿನ ಮಡಿಕೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಎಲ್ಲ ಮಸಿ. ಅಮ್ಮ ಇಷ್ಟು ಕಪ್ಪಿರಲಿಲ್ಲ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಇಷ್ಟು ಕಪ್ಪಿರಲಿಲ್ಲ ಅನ್ನುತ್ತಿರುವುದು ನನ್ನ ಕಣ್ಣೋ, ಚಿಕ್ಕಮ್ಮನ ಹಾಗೆ ನನ್ನೊಳಗೂ ಇರುವ ಆಸೆಯೋ? ಅಮ್ಮನನ್ನು ಕೊಂಚ ಬೆಳ್ಳಗೆ ನೋಡುವ ಆಸೆ ನನಗೂ ಇದ್ದರೆ? ಆ ಅನುಮಾನ ಬಂದದ್ದೇ ನನಗೆ ನಾಚಿಕೆಯಾಯಿತು. ಎಲೆಗೆ ಆಸೆಯಿಲ್ಲ, ಎಲೆ ಹೇಳಿದ ಹಾಗೆ ಕೇಳೋಣ ಅಂದುಕೊಂಡೆ.

ಅಪ್ಪನೂ ಅಮ್ಮನ ಮುಖ ನೋಡಿದರು. ಇದೇ ಇರಲಿ ಅಂತ ತಲೆ ಆಡಿಸಿದರು. ಮಾಲೀಕರಿಗೇ ಸಂಕಟ. ಫೋಟೋ ಕೆಲಸಕ್ಕೆ ಇದು ಆಗುವುದಿಲ್ಲ, ನಾಳೆ ನನ್ನನ್ನು ಬೈಯಬೇಡಿ ಅಂತ ಬಿಡಿಸಿ ಹೇಳಿದರು. ನಾವು ಕೇಳಲಿಲ್ಲ. ಇರುವುದು ಇದೊಂದು ಪ್ರದರ್ಶನಕ್ಕೆ, ಹೊಸದು ಎರಡು ದಿನದಲ್ಲಿ ತರಿಸುತ್ತೇನೆ ಅಂದರು. ಇದರಲ್ಲಿ ಮಧ್ಯಾಹ್ನದ ಮ್ಯಾಚೂ ಮುಸ್ಸಂಜೆಯಲ್ಲಿ ಆಡಿದ ಹಾಗೆ ಕಾಣುತ್ತದೆ ಅಂತ ನನ್ನ ಗಂಡ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪನನ್ನು ಎರಡು ದಿನಕ್ಕೆ ನಮ್ಮ ಮನೆಗೇ ಕರೆದುಕೊಂಡು ಹೊರಟೆವು. ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಮಧ್ಯಾಹ್ನದ ಬಿಸಿಗಾಳಿ ಹೊಡೆಯುತ್ತಿತ್ತು. ಅಂಗಡಿಯಲ್ಲಿ ಎಲೆಯನ್ನು ವಾಪಸ್ ಸುತ್ತುವಾಗ ಅದರ ತುದಿ ಒಂದು ಗೇಣು ಬಟ್ಟೆಯ ಆಚೆ ಉಳಿದಿತ್ತು, ಕವರಿನ ಬಾಯೂ ತೆರೆದಿತ್ತು. ಅರ್ಧ ದಾರಿಯಲ್ಲಿ ಸುಮ್ಮನೆ ಕಣ್ಣು ಹಾಯಿಸಿದೆ. ತುದಿ ಬೆಳಗ್ಗೆ ನೋಡಿದ ಹಳದಿಯೇ ಆಗಿತ್ತು. ಬಟ್ಟೆ ಸರಿಸಿ ನೋಡಿದೆ. ಒಳಗಿನ ಭಾಗ ಕಂದು. ಒಂದೇ ಎಲೆಯಲ್ಲಿ ಎರಡು ಬಣ್ಣ, ನಡುವೆ ಬಟ್ಟೆಯ ಅಂಚು ಗೆರೆ ಎಳೆದ ಹಾಗೆ.

ಹದ ಮೀರಿದ ಎಲೆಯ ಹತ್ತಿರ ಬಣ್ಣ ಕೇಳಬಾರದು. ಅಮ್ಮನ ದನಿಯಲ್ಲೇ ಅದು ಕಿವಿಗೆ ಬಿತ್ತು. ಫೋಟೋ ತೆಗೆದದ್ದು ಹದದ ಎಲೆಗೆ. ಅಂಗಡಿಯಲ್ಲಿ ಪಕ್ಕಕ್ಕೆ ಹಿಡಿದದ್ದು ನಾಲ್ಕು ಗಂಟೆ ನೀರು ಕುಡಿದ ಎಲೆ. ಸುಳ್ಳು ಹೇಳಿದ್ದು ಪರದೆಗಳಲ್ಲ. ಎಲೆಯನ್ನು ಅಪ್ಪನ ಮಡಿಲಲ್ಲಿಟ್ಟೆ. ಅವರು ತುದಿಯನ್ನು ಮುಟ್ಟಿದರು, ಬುಡವನ್ನು ಮುಟ್ಟಿದರು, ಹಣೆ ಒರೆಸಿಕೊಂಡರು.

"ಅವ್ಳಿದ್ದಿದ್ರೆ ನನ್ನನ್ನ ಮನೆಯಿಂದ ಆಚೆಗೇ ಬುಡ್ತಿರ್ಲಿಲ್ಲ," ಅಂದರು.

ನಲವತ್ತು ವರ್ಷ ಹೊಗೆಸೊಪ್ಪು ಮಾಡಿದ ಮನುಷ್ಯ, ಇಪ್ಪತ್ತು ವರ್ಷ ವಿಜ್ಞಾನ ಹೇಳಿದ ಮಗಳು. ಹಿಂದಿನ ಸೀಟಿನಲ್ಲಿದ್ದ ನನ್ನ ಗಂಡನಿಗೆ ವಿಷಯ ಗೊತ್ತಾದಾಗ ಅವರು ನಕ್ಕದ್ದನ್ನು ಕಂಡಕ್ಟರ್ ಕೂಡ ತಿರುಗಿ ನೋಡಿದ. ಬಸ್ಸಿನಿಂದಲೇ ಅಂಗಡಿಗೆ ಫೋನ್ ಮಾಡಿ ಆ ಪರದೆ ಬೇಡ ಅಂದೆ. ದೇವರು ದೊಡ್ಡವನು ಮೇಡಂ ಅಂದರು ಮಾಲೀಕರು.

ಮುಂದಿನ ಭಾನುವಾರ ಮತ್ತೆ ಅದೇ ಬಾಗಿಲು, ಹೊಸ ಎಲೆ, ಹೊಸ ಫೋಟೋ. ಈ ಸಲ ಒದ್ದೆ ಬಟ್ಟೆ ಇಲ್ಲ. ಎಲೆಯನ್ನು ಹಳೆಯ ಪೇಪರಿನ ನಡುವೆ ಚಪ್ಪಟೆಯಾಗಿಟ್ಟು, ಮಿಠಾಯಿ ಡಬ್ಬಿಗೆ ಹಾಕಿ, ಡಬ್ಬಿಗೆ ದಾರ ಸುತ್ತಿದೆವು. ಮುರಿದರೆ ಮುರಿಯಲಿ, ಸುಳ್ಳು ಹೇಳದಿದ್ದರೆ ಸಾಕು ಅಂತ ಅಪ್ಪ ಅಂದರು.

ಮೊದಲ ಸಲದ ತಪ್ಪು ನಮಗೆ ಅಮ್ಮನ ಬಾಗಿಲ ಬೆಳಕನ್ನೂ ನೆನಪಿಸಿತ್ತು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲೆ ಹಿಡಿಯುವುದೇ ತಪ್ಪು. ಅಪ್ಪ ಮಾಲೀಕರನ್ನು ಕೇಳಿ ಎರಡು ಮೂರು ಪರದೆಗಳನ್ನು ಬಾಗಿಲ ಹತ್ತಿರದ ಮೇಜಿಗೆ ತರಿಸಿದರು, ಬಿಸಿಲು ನೇರ ಬೀಳದ ಕಡೆ ತಿರುಗಿಸಿದರು, ಆ ಭಾಗದ ಲೈಟು ಆರಿಸಿದರು. ಆಗ ಮಾಲೀಕರೇ ಒಂದು ಗುಟ್ಟು ಹೇಳಿದರು. ಅಂಗಡಿಯಲ್ಲಿ ಎಲ್ಲ ಪರದೆಗಳಿಗೂ ಕಣ್ಣು ಕುಕ್ಕುವ ಹಾಗೆ ಹೆಚ್ಚಿಗೆ ಮೆರುಗು ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಗಿರಾಕಿಗಳು ನಿಂತು ನೋಡುವುದಿಲ್ಲ. ಹಿಂದಿನ ಗುಂಡಿ ಒತ್ತಿ ಒಂದೊಂದರ ಮೆರುಗನ್ನೂ ಇಳಿಸಿದರು. ಗಿಳಿಗಳೆಲ್ಲ ಗಿಳಿಗಳಾದವು.

ಇಪ್ಪತ್ತೇಳು ಇಂಚಿನ ಒಂದು ಐಪಿಎಸ್ ಪರದೆ. ಚಪ್ಪಟೆ, ಹೊಳಪಿಲ್ಲದ ಮೈ, ಕಾರ್ಖಾನೆಯಲ್ಲೇ ಬಣ್ಣ ಅಳೆದು ಸರಿಮಾಡಿದ್ದು ಅಂತ ಡಬ್ಬಿಯಲ್ಲಿ ಒಂದು ಚೀಟಿ. ಅಪ್ಪ ಎಲೆಯನ್ನು ಅದರ ಪಕ್ಕದಲ್ಲಿ ಹಿಡಿದರು. ಹತ್ತಿರ ಹೋದರು, ಎರಡು ಹೆಜ್ಜೆ ಹಿಂದೆ ಬಂದರು, ಕೂತು ನೋಡಿದರು, ನಿಂತು ನೋಡಿದರು. ಎಲೆ ಯಾವುದು, ಫೋಟೋ ಯಾವುದು ಅಂತ ಹೇಳಲು ಅಂಚು ನೋಡಬೇಕಾಗಿತ್ತು. "ಇದು ಎಲೆ," ಅಂದರು.

ನನ್ನ ಗಂಡ ತಮ್ಮ ಪರೀಕ್ಷೆಯನ್ನೂ ಮಾಡಿಯೇ ಮಾಡಿದರು. ಒಂದು ಕ್ರಿಕೆಟ್ ತುಣುಕು ಹಾಕಿಸಿದರು. ಚೆಂಡಿಗೆ ಬಾಲ ಬರಲಿಲ್ಲ, ಹುಲ್ಲು ಹುಲ್ಲಿನ ಹಾಗಿತ್ತು. ಇಷ್ಟು ವರ್ಷ ಗಿಳಿ ಹಸಿರು ಮೈದಾನ ನೋಡಿದೆನಾ ಅಂತ ಅವರೇ ಕೇಳಿಕೊಂಡರು. ಕತ್ತಲೆಯ ಸಿನಿಮಾ ದೃಶ್ಯದಲ್ಲಿ ಮಾತ್ರ ಅವರ ಮುಖ ಸ್ವಲ್ಪ ಸಪ್ಪಗಾಯಿತು, ಕಪ್ಪು ಪೂರ್ತಿ ಕಪ್ಪಾಗಿರಲಿಲ್ಲ, ಮೂವತ್ತೆರಡು ಇಂಚೂ ಇರಲಿಲ್ಲ. ನಮ್ಮ ಹಾಲಿನಲ್ಲಿ ಸೋಫಾದಿಂದ ಮೇಜಿಗೆ ಆರಡಿಯೂ ಇಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಾನು ಸಮಾಧಾನ ಹೇಳಿದೆ. ಅತ್ತೆಯ ಬಣ್ಣದ ಮುಂದೆ ನನ್ನ ಕತ್ತಲೆ ಯಾವ ಲೆಕ್ಕ ಅಂತ ಅವರು ಒಪ್ಪಿಕೊಂಡರು. ಆ ಮಾತಿಗೆ ಅವರ ಮೇಲೆ ನನಗೆ ಪ್ರೀತಿ ಉಕ್ಕಿತು.

ಅಮ್ಮನ ಫೋಟೋವನ್ನು ಅಂಗಡಿಯಲ್ಲಿ ತೆರೆಯಲು ಹೋದಾಗ ಅಪ್ಪ ಬೇಡ ಅಂದರು. ಮನೆಗೆ ಹೋಗಿ ನೋಡೋಣ ಅಂದರು.

ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಮನೆಯ ಉತ್ತರದ ಕಿಟಕಿಯ ಪಕ್ಕ ಮೇಜಿಟ್ಟು, ಮಾನಿಟರ್ ಜೋಡಿಸಿ, ಲೈಟು ಆರಿಸಿ ಫೋಟೋ ತೆರೆದೆ. ತಿದ್ದಿರಲಿಲ್ಲ, ಕ್ಯಾಮೆರಾದಿಂದ ಬಂದ ಹಾಗೇ ಇತ್ತು. ಅಮ್ಮ ಕಪ್ಪಗಿದ್ದಳು. ಆದರೆ ಒಂದೇ ಕಪ್ಪಲ್ಲ. ಹಣೆ, ಕೆನ್ನೆ ಬಿಸಿಲಿಗೆ ಕಂದಿದ ಕಪ್ಪು, ಕತ್ತಿನ ಕೆಳಗೆ ಸೆರಗು ಮುಚ್ಚುವ ಕಡೆ ತಿಳಿ, ಹಸಿ ಎಲೆಯ ಅಂಟು ಹತ್ತಿ ಹತ್ತಿ ಬೆರಳ ತುದಿಗಳು ಎಲ್ಲಕ್ಕಿಂತ ಕಪ್ಪು. ಮೂಗುಬೊಟ್ಟಿನ ಪಕ್ಕ ಅರಿಶಿನದ ಒಂದು ಎಳೆ ಉಳಿದಿತ್ತು. ನೆನೆಸಿಕೊಳ್ಳಲು ಹೋದಾಗ ಯಾಕೆ ಸಿಗಲಿಲ್ಲ ಅಂತ ಆಗ ಗೊತ್ತಾಯಿತು, ನಾನು ಒಂದು ಬಣ್ಣ ಹುಡುಕುತ್ತಿದ್ದೆ. ಅಮ್ಮನಿಗೆ ಏಳೆಂಟು ಬಣ್ಣವಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣು ಅವಳ ಕೈಯಲ್ಲಿದ್ದ ಎಲೆಗೆ ಹೋಯಿತು. ಮಿಠಾಯಿ ಡಬ್ಬಿಯ ದಾರ ಬಿಚ್ಚಿ, ನಮ್ಮ ಬ್ರೈಟ್ ಎಲೆಯನ್ನು ತೆಗೆದು, ಪರದೆಯ ಮೇಲೆ ಅಮ್ಮನ ಎಲೆಯ ಪಕ್ಕಕ್ಕೆ ಹಿಡಿದರು. ಹಿಡಿದ ತಕ್ಷಣ ನನಗೂ ಕಂಡಿತು. ಎರಡೂ ಒಂದಲ್ಲ. ಅಮ್ಮನ ಎಲೆ ಒಂದು ಮೆಟ್ಟಿಲು ಕೆಳಗಿನದು. ಅಪ್ಪ ಕೈ ಬದಲಿಸಿ ಇನ್ನೊಂದು ಪಕ್ಕಕ್ಕೆ ಹಿಡಿದರು. ಕಿಟಕಿಯ ಪರದೆ ಪೂರ್ತಿ ಸರಿಸಿ ಬಂದು ಮತ್ತೊಮ್ಮೆ ಹಿಡಿದರು. ಮೋಡ ಇರಲಿಲ್ಲ.

ಕುರ್ಚಿಯಲ್ಲಿ ಕೂತುಕೊಂಡರು. "ಮೀಡಿಯಮ್ಮೇ ಕಣವ್ವ," ಅಂದರು. "ಅವ್ಳು ಯೋಳಿದ್ದೇ ಸರಿ."

ಆ ದಿನದ ಬೆಳಕು ಬೇರೆ, ಈ ದಿನದ ಬೆಳಕು ಬೇರೆ, ಫೋಟೋದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ ಅಂತ ನಾನು ಅವರಿಗೆ ಒಂದು ದಾರಿ ಮಾಡಿಕೊಡಲು ನೋಡಿದೆ. ಅವರು ಅದನ್ನು ಹಿಡಿಯಲಿಲ್ಲ. ಅವತ್ತೇ ಗೊತ್ತಿತ್ತು ಅಂದರು. ಬೇಲ್ ವಾಪಸ್ ಬಂದ ದಿನವೇ ಗೊತ್ತಾಗಿತ್ತಂತೆ. ಒಂದು ಮಾತು ಹೇಳಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು, ಇವತ್ತು ನಾಳೆ, ಸಂಕ್ರಾಂತಿ ಕಳೆಯಲಿ ಅಂತ ಬಿಟ್ಟರಂತೆ. ನಾನು ಕಾಫಿ ಮಾಡಲು ಎದ್ದೆ.

ಕಾಫಿ ಕುಡಿದ ಮೇಲೆ ಪ್ರಿಂಟಿಗೆ ಎಷ್ಟು ಕತ್ತರಿಸಲಿ, ಮುಖದ ಮಟ್ಟಕ್ಕೆ ಸಾಕಾ ಅಂತ ಕೇಳಿದೆ. ಗೋಡೆಗೆ ಹಾಕುವ ಫೋಟೋದಲ್ಲಿ ಮುಖ ಮಾತ್ರ ಇರುವುದು ನಮ್ಮಲ್ಲಿ ರೂಢಿ. ಅಪ್ಪ ತಲೆ ಅಲ್ಲಾಡಿಸಿದರು.

"ಎಲೆ ಕತ್ತರಿಸ್ಬ್ಯಾಡ. ಅವ್ಳು ಅಂಗೇ ತೋರಿಸ್ತಾ ಇರ್ಲಿ. ನಾನು ನೋಡ್ತಾ ಇರ್ತೀನಿ."

ವರ್ಷದ ತಿಥಿಯ ದಿನ ಅಮ್ಮ ಎಲೆ ಹಿಡಿದುಕೊಂಡೇ ಆ ಮೊಳೆಗೆ ಏರಿದಳು. ಚಿಕ್ಕಮ್ಮ ಎದುರಿಗೆ ನಿಂತು ನೋಡಿ, ಬೆರಳುಗಳ ಕಡೆ ಕೈ ತೋರಿಸಿ, ಹೌದು ಇವಳೇ ಅಂದಳು. ಈಗ ಎಲೆ ವಿಂಗಡಿಸುವವರು ಅಪ್ಪನೇ. ಹಿತ್ತಲ ಬಾಗಿಲು ತೆರೆದು, ಹೊಸ್ತಿಲಿನಿಂದ ಒಂದು ಮಾರು ಒಳಗೆ ಕೂರುತ್ತಾರೆ. ಮೊನ್ನೆ ನನ್ನ ತಮ್ಮ ಫೋನ್ ಮಾಡಿ ದೂರು ಹೇಳಿದ: ಅನುಮಾನ ಬಂದ ಎಲೆಯನ್ನೆಲ್ಲ ಅಪ್ಪ ಗೋಡೆಯ ಕಡೆ ಒಂದು ಸಲ ನೋಡಿ ಮೀಡಿಯಂ ರಾಶಿಗೇ ಹಾಕುತ್ತಾರಂತೆ.